ಟೆಲಿ ಮಾನಸ್ 14416: ಕಲಬುರಗಿಯಿಂದ ಕರೆ ಮಾಡುವವರಿಗೆ

2022ರ ಅಕ್ಟೋಬರ್ 10ರಂದು ಶುರುವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ 24 ತಾಸೂ ಉಚಿತ. 14416 ಒತ್ತಿ ಕನ್ನಡ ಆರಿಸಿಕೊಂಡರೆ ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ. ಬೇಕೆನಿಸಿದರೆ ಅವರೇ ತಜ್ಞರಿಗೆ ದಾಟಿಸುತ್ತಾರೆ. ಸೂಪರ್ ಮಾರ್ಕೆಟ್ ಕಡೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಬೀಗರು ಎದುರಾಗುವ ಅಂಜಿಕೆ ಇಲ್ಲ, ಅದೇ ದೊಡ್ಡದು.

"ತಲಿ ಕೆಟ್ಟದ" ಅಂದಷ್ಟೇ ಹೇಳಿದರೆ ಸಾಲದು. "ಹದಿನೈದು ದಿನ ಆತು ನಿದ್ದಿಲ್ಲ, ರೊಟ್ಟಿ ಸೇರವಲ್ದು, ಎದಿ ಢವಢವ ಅಂತದ" ಎಂದು ದಿನದ ಲೆಕ್ಕ ಕೊಡಿ. ಖಿನ್ನತೆ ಗುರುತಿಸಲು ಲಕ್ಷಣಗಳು ಎರಡು ವಾರ ಉಳಿದಿವೆಯೇ ಎಂಬುದು ಮುಖ್ಯ. ನುಂಗುತ್ತಿರುವ ಗುಳಿಗೆಗಳ ಚೀಟಿ ಕೈಯಲ್ಲಿರಲಿ. ಮನೆ ತುಂಬ ಮಂದಿಯಿದ್ದರೆ ಮಾಳಿಗೆ ಹತ್ತಿ ಮಾತಾಡಿ. ಪಿಸುಗುಟ್ಟಿದರೆ ಅರ್ಧ ವಿಷಯ ಹೊಟ್ಟೆಯಲ್ಲೇ ಉಳಿಯುತ್ತದೆ.

ಮುಖಾಮುಖಿ ತಪಾಸಣೆಗೆ ಫೋನು ಬದಲಿಯಲ್ಲ. ಖಿನ್ನತೆಯ ಗುಳಿಗೆ ಹತ್ತಲು 2ರಿಂದ 4 ವಾರ ಬೇಕು. ಎಂಟನೇ ದಿನಕ್ಕೇ "ಗುಣ ಇಲ್ಲ" ಎಂದು ಬಿಡುವವರನ್ನು ಮನೆಮಂದಿಯೇ ತಡೆಯಬೇಕು.