ಮಲೆನಾಡಿನ ರಸ್ತೆಗೆ 14ರ ಬದಲು 15 ಇಂಚು: ಸ್ವಿಫ್ಟ್ ಕಾರಿನ ಚಕ್ರ ಬದಲಾವಣೆ

ನಮ್ಮ 2018ರ ಸ್ವಿಫ್ಟ್ ವಿಎಕ್ಸ್‌ಐ ಕಾರಿಗೆ ಕಂಪನಿಯಿಂದ ಬಂದಿದ್ದು ಸ್ಟೀಲ್ ರಿಮ್ ಮತ್ತು 165/80 ಆರ್14 ಅಳತೆಯ ಟೈರುಗಳು. ಅವು ಸವೆದಾಗ, ಅದೇ ಕಾರಿನ ಝಡ್‌ಎಕ್ಸ್‌ಐ ಮಾದರಿಗೆ ಕಂಪನಿಯೇ ಕೊಡುತ್ತಿದ್ದ 185/65 ಆರ್15 ಟೈರುಗಳನ್ನು ಅಲಾಯ್ ಚಕ್ರಗಳ ಸಮೇತ ಮಳೆಗಾಲಕ್ಕೆ ಮೊದಲೇ ಹಾಕಿಸಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಕಡೆಗೆ ಆಗಾಗ ಓಡಾಡುವವರಿಗೆ ಈ ಅಳತೆ ಸಾಕು, ಇದಕ್ಕಿಂತ ದೊಡ್ಡ ರಿಮ್ ಬೇಡ ಎಂಬುದು ನನ್ನ ಅಭಿಪ್ರಾಯ.

ಅಳತೆ ಆರಿಸುವಾಗ ರಿಮ್ಮಿನ ಇಂಚಿಗಿಂತ ಮೊದಲು ನೋಡಬೇಕಾದದ್ದು ಟೈರು ಸೇರಿದ ಚಕ್ರದ ಒಟ್ಟು ವ್ಯಾಸವನ್ನು. 165 ಮಿ.ಮೀ. ಅಗಲದ ಶೇ. 80 ಎಂದರೆ 132 ಮಿ.ಮೀ. ಎತ್ತರದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ), ಅದರ ಎರಡರಷ್ಟನ್ನು 14 ಇಂಚಿಗೆ, ಅಂದರೆ 355.6 ಮಿ.ಮೀ.ಗೆ ಕೂಡಿದರೆ 619.6 ಮಿ.ಮೀ. ಆಗುತ್ತದೆ. ಹೊಸ ಅಳತೆಯ ವ್ಯಾಸ 621.5 ಮಿ.ಮೀ. ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಿಮೆ ಇರುವುದರಿಂದ ಸ್ಪೀಡೋಮೀಟರ್ ತೋರಿಸುವ ವೇಗ ಬದಲಾಗುವುದಿಲ್ಲವೆಂದೇ ಹೇಳಬಹುದು. ಭಾರ ಹೊರುವ ಸಂಖ್ಯೆಯೂ 85ರಿಂದ 88ಕ್ಕೆ ಏರುತ್ತದೆ, ಅಂದರೆ ಒಂದು ಟೈರಿಗೆ 515 ಕಿಲೋ ಇದ್ದದ್ದು 560 ಕಿಲೋ ಆಗುತ್ತದೆ. ಈ ಸಂಖ್ಯೆ ಮೂಲ ಟೈರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಮುಖ್ಯ.

ಒಂದು ಅಂಗಡಿಯಲ್ಲಿ 195/55 ಆರ್16 ಹಾಕಿಸಲು ಒತ್ತಾಯ ಮಾಡಿದರು. ಅದರ ವ್ಯಾಸವೂ 620.9 ಮಿ.ಮೀ.; ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸೈಡ್‌ವಾಲ್ 107 ಮಿ.ಮೀ.ಗೆ ಇಳಿಯುತ್ತದೆ. ಆಷಾಢದ ಮಳೆಯಲ್ಲಿ ಕೆಂಪು ನೀರು ತುಂಬಿ ಆಳವೇ ತಿಳಿಯದ ಗುಂಡಿಗೆ ಚಕ್ರ ಬಿದ್ದಾಗ ಪೆಟ್ಟು ತಡೆಯುವುದು ಆ ರಬ್ಬರಿನ ಎತ್ತರವೇ ಹೊರತು ಅಲಾಯ್ ಅಲ್ಲ. ಸ್ಟೀಲ್ ರಿಮ್ ಬಾಗಿದರೆ ಬಡಿದು ಸರಿಮಾಡಬಹುದು, ಸೀಳು ಬಿಟ್ಟ ಅಲಾಯ್ ಚಕ್ರವನ್ನು ಬದಲಿಸುವುದೇ ಸರಿ. ನೋಟಕ್ಕೆ 16 ಇಂಚು ಚೆನ್ನ, ಒಪ್ಪುತ್ತೇನೆ. ಬೆಂಗಳೂರು ಹೆದ್ದಾರಿಯಲ್ಲೇ ಓಡಾಡುವವರು ಹಾಕಿಸಿಕೊಳ್ಳಲಿ.

ತೋಟದ ದಾರಿಯ ಕಲ್ಲು ತಳಕ್ಕೆ ತಾಗಬಾರದೆಂದು 14ರ ರಿಮ್ಮಿಗೇ 175/80 ಹಾಕಿಸುವವರೂ ನಮ್ಮ ಕಡೆ ಇದ್ದಾರೆ. ಅದರಿಂದ ಕಾರು ಏರುವುದು ಕೇವಲ 8 ಮಿ.ಮೀ. ಅದಕ್ಕೆ ಪ್ರತಿಯಾಗಿ ಮೀಟರ್ 100 ತೋರಿಸುವಾಗ ಮೊದಲಿಗಿಂತ ಸುಮಾರು ಎರಡೂವರೆ ಕಿಲೋಮೀಟರ್ ಹೆಚ್ಚಿನ ವೇಗದಲ್ಲಿರುತ್ತೇವೆ, ಏರಿನಲ್ಲಿ ಎಳೆತವೂ ಸ್ವಲ್ಪ ಕುಗ್ಗುತ್ತದೆ.

ಸಾಗರ ರಸ್ತೆಯ ಅಂಗಡಿಯೊಂದರಲ್ಲಿ ಚಕ್ರ ಕೂರಿಸಿದ ರೀತಿ ನನಗೆ ಮೆಚ್ಚುಗೆಯಾಯಿತು. ಸ್ವಿಫ್ಟ್‌ಗೆ ನಾಲ್ಕು ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟುಗಳ ನಡುಬಿಂದುಗಳನ್ನು ಹಾದುಹೋಗುವ ವೃತ್ತದ ವ್ಯಾಸ), ಇಷ್ಟು ಹೊಂದಿದರೆ ಸಾಕೆಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಾರಿನಲ್ಲಿ ಚಕ್ರ ಕೂರುವ ನಡುಭಾಗದ, ಅಂದರೆ ಹಬ್ಬಿನ, ವ್ಯಾಸ 54.1 ಮಿ.ಮೀ., ನಾನು ಆರಿಸಿದ ಅಲಾಯ್ ಚಕ್ರದ ನಡುವಿನ ತೂತು 73.1 ಮಿ.ಮೀ. ಕೆಲಸದ ಹುಡುಗ ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆ ಅಂತರ ತುಂಬುವ ಪ್ಲಾಸ್ಟಿಕ್ ಉಂಗುರವನ್ನು ಚಕ್ರದ ಹಿಂಬದಿಗೆ ಒತ್ತಿ ಕೂರಿಸಿ, ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರಾಗಿ ಬಿಗಿದ. ಈ ಉಂಗುರವಿಲ್ಲದೆ ಚಕ್ರ ನಡುವಿಗೆ ಸರಿಯಾಗಿ ಕೂರದಿದ್ದರೆ, ಬ್ಯಾಲೆನ್ಸಿಂಗ್ ಎಷ್ಟೇ ಸರಿಯಿದ್ದರೂ ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗುತ್ತದೆ. ಟೈರಿನ ಮೇಲಿನ ನಾಲ್ಕಂಕಿಯನ್ನು, ಅಂದರೆ ತಯಾರಾದ ವಾರ ಮತ್ತು ವರ್ಷವನ್ನು, ಕೇಳುವ ಮೊದಲೇ ತೋರಿಸಿದ್ದೂ ಒಳ್ಳೆಯದೆನಿಸಿತು.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಕಾರು ಮೊದಲಿಗಿಂತ ಕಡಿಮೆ ವಾಲುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಚೆನ್ನಾಗಿದೆ. ಕಾರು ನಿಲ್ಲಿಸುವಾಗ ಸ್ಟೀರಿಂಗ್ ತುಸು ಭಾರ, ಸಣ್ಣ ಗುಂಡಿಗಳ ಸದ್ದು ಒಳಗೆ ಸ್ವಲ್ಪ ಹೆಚ್ಚು. ಅಗಲದ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆಯಾದ್ದರಿಂದ, ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ, ಟೈರಿನ ಮೇಲ್ಮೈಯ ಗೀರುಗಳ ಆಳ 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ನಮ್ಮ ಮಳೆಗೆ ಕ್ಷೇಮ.

ಸ್ಟೆಪ್ನಿ ಹಳೆಯ 14 ಇಂಚಿನದ್ದೇ ಇದೆ. ವ್ಯಾಸ ಹೊಂದುವುದರಿಂದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಲು ಅಡ್ಡಿಯಿಲ್ಲ. ಅಲಾಯ್‌ಗೆ ಬೇರೆ ನಟ್ಟು ಹಾಕಿಸಿದವರು ಮಾತ್ರ ಸ್ಟೀಲ್ ರಿಮ್ಮಿನ ಹಳೆಯ ನಟ್ಟುಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಂಡಿರಬೇಕು.