ಡಬ್ಬಿ ಎಮಲ್ಷನ್ನಿನದು, ಗೋಡೆಯ ಮೇಲಿರುವುದು ಡಿಸ್ಟೆಂಪರ್

ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ನನಗೆ ಮೋಸ ಮಾಡಿದ ಅದೇ ಪೇಂಟರ್ ನಾಳೆ ನಿಮ್ಮ ಅಂಗಳಕ್ಕೆ ಏಣಿ ತರುತ್ತಾನೆ.

ಉಡುಪಿಯ ಸಂತೆಕಟ್ಟೆಯ ಹತ್ತಿರ ನಮ್ಮ ಮನೆ. ಮಗಳ ಸಂಬಂಧದ ಮಾತುಕತೆಗೆ ಜನ ಬರುವವರಿದ್ದರು, ಅದಕ್ಕೆ ಮೊದಲು ಚಾವಡಿಗೆ ಬಣ್ಣ ಹೊಡೆಸಬೇಕಿತ್ತು. ನನಗೆ ಮಂದವಾದ ಆಲಿವ್ ಹಸಿರೇ ಬೇಕು ಎಂದು ಹಟ. ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿಯ ಬಣ್ಣ ಇದೆಯಲ್ಲ, ಅದು. ಮರದ ಕಂಬಕ್ಕೆ, ಕಾವಿ ನೆಲಕ್ಕೆ ಚೆನ್ನಾಗಿ ಹೊಂದುತ್ತದೆ. "ಪಾಚಿ ಬಣ್ಣಕ್ಕೆ ದುಡ್ಡು ಯಾಕೆ? ಮಳೆಗಾಲದಲ್ಲಿ ಕಾಂಪೌಂಡಿನ ಮೇಲೆ ಪುಕ್ಕಟೆ ಬರುತ್ತದೆ" ಎಂದರು ಅತ್ತೆ. ಈಗ ದಿನಕ್ಕೆರಡು ಸಲ ಅದನ್ನೇ ನೆನಪಿಸುತ್ತಾರೆ.

ಸಾಮಾನು ಸೇರಿ 38,000 ರೂಪಾಯಿ, ಒಳ್ಳೆಯ ಎಮಲ್ಷನ್ (ಒಣಗಿದ ಮೇಲೆ ಕೈಗೆ ಹತ್ತದ ಬಣ್ಣ), ಎರಡು ಕೋಟ್ ಎಂದು ಮಾತಾಯಿತು. ಅಂಗಡಿಗೆ ನಾನೂ ಬರುತ್ತೇನೆ ಎಂದೆ. "ಅಕ್ಕ, ನೀವು ತಲೆಬಿಸಿ ಮಾಡಬೇಡಿ, ಅಲ್ಲಿ ನನಗೆ ರಿಯಾಯಿತಿ ಇದೆ" ಎಂದ. ನಾನು ತಲೆಬಿಸಿ ಮಾಡಲಿಲ್ಲ. ಜಗಲಿಯಲ್ಲಿ ದುಬಾರಿ ಎಮಲ್ಷನ್ನಿನ ಮೂರು ಡಬ್ಬಿ ಸಾಲಾಗಿ ಕೂತಿದ್ದವು, ನೋಡಿ ಸಮಾಧಾನಪಟ್ಟೆ. ಮೂರೂ ಮೊದಲೇ ತೆರೆದಿದ್ದವು! ಕಣ್ಣೆದುರೇ ಇತ್ತು, ತಲೆಗೆ ಹೋಗಲಿಲ್ಲ. ಕೆಲಸ ಮುಗಿದ ರಾತ್ರಿಯೇ ಪೂರ್ತಿ ಹಣ ಎಣಿಸಿದೆ, ಹುಡುಗರ ಚಹಾಕ್ಕೆಂದು ಮೇಲೆ ಐನೂರು ಬೇರೆ.

ಎರಡು ವಾರ ಕಳೆದು ಅವರು ಬಂದರು. ಹುಡುಗನ ದೊಡ್ಡಪ್ಪ ಬಿಳಿ ಶರ್ಟಿನಲ್ಲಿ ಬೆಂಚಿನ ಮೇಲೆ ಕೂತು ಗೋಡೆಗೆ ಒರಗಿದರು. ಊಟಕ್ಕೆ ಎದ್ದಾಗ ಅವರ ಬೆನ್ನು ಹಸಿರು. ಹೆಗಲಿನಿಂದ ಸೊಂಟದವರೆಗೆ ಹಸಿರು. ಯಾರೂ ಮಾತಾಡಲಿಲ್ಲ. ಅವರ ಹೆಂಡತಿ ಸೆರಗಿನಿಂದ ಒರೆಸಲು ಹೋಗಿ ಸೆರಗಿಗೂ ಹತ್ತಿಸಿಕೊಂಡರು. ನಾನು ಪಾಯಸ ಬಡಿಸುತ್ತಾ ನೆಲ ನೋಡುತ್ತಿದ್ದೆ.

ಅವರು ಹೋದ ಮೇಲೆ ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದೆ. ಬಟ್ಟೆಯೆಲ್ಲ ಹಸಿರು, ಗೋಡೆಯಲ್ಲಿ ಪುಟ್ಟಿಯ ಬಿಳಿ. ಬಚ್ಚಲುಕೊಟ್ಟಿಗೆಯ ಹಿಂದೆ ತೆಂಗಿನ ಮಡಲಿನ ರಾಶಿ ಸರಿಸಿದರೆ ಅಗ್ಗದ ಬಣ್ಣವಾದ ಡಿಸ್ಟೆಂಪರಿನ ಬಕೆಟ್, ಅದಕ್ಕೆ ಬಣ್ಣ ಬರಲು ಬೆರೆಸುವ ಹಸಿರು, ಹಳದಿ, ಕಪ್ಪು ಸ್ಟೇನರಿನ ಖಾಲಿ ಬಾಟಲಿಗಳು. ಕೈಯಲ್ಲೇ ಕಲಸಿ, ನೀರು ಸುರಿದು ಹೊಡೆದಿದ್ದಾನೆ. ಕಿಟಕಿಯ ಪಕ್ಕದ ಗೋಡೆ ಬೇರೆ ಹಸಿರಾಗಿ ಕಂಡದ್ದು ಬೆಳಕಿನಿಂದ ಎಂದುಕೊಂಡಿದ್ದೆ. ಅಲ್ಲ, ಅದು ಎರಡನೆಯ ಸಲ ಕಲಸಿದ್ದು.

ಫೋನ್ ಮಾಡಿದೆ. ಮೊದಲು, "ಅಕ್ಕ, ಆಲಿವ್ ಬಣ್ಣ ಸ್ವಲ್ಪ ಹುಡಿ ಬಿಡುತ್ತದೆ." ಆಮೇಲೆ, "ಮಲ್ಪೆಯ ಉಪ್ಪುಗಾಳಿಗೆ ಯಾವ ಬಣ್ಣವೂ ನಿಲ್ಲುವುದಿಲ್ಲ." ಬಕೆಟಿನ ಫೋಟೋ ಕಳುಹಿಸಿದೆ. ಬಂದ ಉತ್ತರ ನೋಡಿ: "ಅದು ಬೇರೆ ಮನೆಯದ್ದು. ಮತ್ತೆ, ಬಿಳಿ ಶರ್ಟು ಹಾಕಿಕೊಂಡು ಹೊಸ ಗೋಡೆಗೆ ಒರಗುವುದು ಯಾಕೆ?" ಒರಗುವುದು ಯಾಕೆ ಅಂತೆ! ನನ್ನ ಮನೆಯ ಗೋಡೆ, ನನ್ನ ಮನೆಗೆ ಬಂದ ನೆಂಟರು. ಬಿಲ್ ಕೇಳಿದೆ. ಅಂದಿನಿಂದ ಫೋನ್ ಎತ್ತುತ್ತಿಲ್ಲ.

ಹುಡಿ ಬಿಡುವ ಡಿಸ್ಟೆಂಪರಿನ ಮೇಲೆ ಎಮಲ್ಷನ್ ಹೊಡೆದರೆ ಅದೂ ಸಿಪ್ಪೆಯಂತೆ ಏಳುತ್ತದೆ. ಪೂರ್ತಿ ಕೆರೆದು, ಮತ್ತೆ ಪ್ರೈಮರ್‌ನಿಂದ ಶುರು ಮಾಡಬೇಕು. ಕೆರೆಯುವ ಕೂಲಿಯೇ ಬೇರೆ.

ಆದ್ದರಿಂದ ಅಂಗಡಿಗೆ ನೀವೇ ಹೋಗಿ. ಯಂತ್ರದಲ್ಲಿ ಬಣ್ಣ ಬೆರೆಸುವುದನ್ನು ನಿಂತು ನೋಡಿ, ಡಬ್ಬಿಯ ಮೇಲೆ ಅಂಟಿಸುವ ಶೇಡ್ ಸಂಖ್ಯೆಯ ಚೀಟಿಯ ಫೋಟೋ ತೆಗೆದುಕೊಳ್ಳಿ, ಬಿಲ್ ನಿಮ್ಮ ಹೆಸರಿನಲ್ಲಿರಲಿ. ಮುಚ್ಚಳ ನಿಮ್ಮ ಎದುರೇ ತೆರೆಯಲಿ. ಕೊನೆಯ ಕಂತನ್ನು ಗೋಡೆ ಒಣಗಿ, ಅಂಗೈ ಉಜ್ಜಿ ನೋಡಿದ ಮೇಲೆ ಕೊಡಿ. "ಅಕ್ಕ" ಎಂದು ಕರೆದ ಕೂಡಲೇ ಕೊಡಬೇಡಿ.