ಆನ್‌ಲೈನ್ ಎಂ.ಟೆಕ್ ಎಂದು ನಂಬಿ ಸೇರಿದೆ, ಈಗ ಸಾಲದ ಕಂತು ಕಟ್ಟುತ್ತಿದ್ದೇನೆ: ಕಲಬುರಗಿ, ಬೀದರ್, ಯಾದಗಿರಿಯವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ನಾನು ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ವಿಭಾಗದ ಅತಿಥಿ ಉಪನ್ಯಾಸಕ. "ಅರ್ಜಿ ಹಾಕುವ ಮುನ್ನ ಮಾನ್ಯತೆ ನೋಡಿಕೊಳ್ಳಿ" ಎಂದು ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಹುಡುಗರಿಗೆ ಹೇಳುವವನೂ ನಾನೇ. ಹಾಗೆ ಹೇಳುವವನೇ ಮೋಸ ಹೋಗಿದ್ದೇನೆ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕನಾಗಲು ಬಿ.ಇ. ಸಾಲದು, ಎಂ.ಟೆಕ್ ಬೇಕು, ಎರಡರಲ್ಲೊಂದು ಪ್ರಥಮ ದರ್ಜೆಯಲ್ಲಿರಬೇಕು ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ. ಗೇಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದ್ದರೂ, ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುವಾಗ ಎರಡು ವರ್ಷ ಊರು ಬಿಟ್ಟು ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ. ಅದೇ ಸಮಯಕ್ಕೆ "ಕೆಲಸ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ" ಎಂಬ ಜಾಹೀರಾತು ಮೊಬೈಲಿನಲ್ಲಿ ಬಂತು. ಹೆಸರು, ನಂಬರು ತುಂಬಿದ ಹತ್ತೇ ನಿಮಿಷದಲ್ಲಿ ಕರೆ ಬಂತು.

ಕರೆ ಮಾಡಿದ ಕೌನ್ಸೆಲರ್ ಬಹಳ ಮರ್ಯಾದೆಯಿಂದ ಮಾತನಾಡಿದರು. "ಇದು ಎಂ.ಟೆಕ್ ತಾನೇ?" ಎಂದು ನಾನು ಸ್ಪಷ್ಟವಾಗಿ ಕೇಳಿದ್ದೆ. "ಮಾಸ್ಟರ್ಸ್ ಲೆವೆಲ್ ಸರ್, ಯುಜಿಸಿ ಮಾನ್ಯತೆ ಇರೋ ಯೂನಿವರ್ಸಿಟಿ ಸರ್, ಈಗ ಐಐಟಿಯವರೇ ಗೇಟ್ ಇಲ್ಲದೆ ಆನ್‌ಲೈನ್ ಕೊಡ್ತಿದ್ದಾರೆ, ನೀವೇ ನೋಡಿ ಸರ್" ಎಂದರು. ಈ ಉತ್ತರವನ್ನು ಇನ್ನೊಮ್ಮೆ ಓದಿ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಆದರೆ ನಾನು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲ. ಕಾನ್ಪುರ ಐಐಟಿ ಗೇಟ್ ಇಲ್ಲದೆ ಇ-ಮಾಸ್ಟರ್ಸ್ ಕೊಡುವುದು ನಿಜ. ಐಐಟಿಗಳು ಸಂಸತ್ತಿನ ಪ್ರತ್ಯೇಕ ಕಾಯ್ದೆಯಡಿ ನಡೆಯುವ ಸಂಸ್ಥೆಗಳು, ಅವುಗಳ ದಾರಿ ಬೇರೆ, ಉಳಿದ ವಿಶ್ವವಿದ್ಯಾಲಯಗಳ ದಾರಿ ಬೇರೆ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದು ನಡೆಸುವ ಪ್ರತಿಯೊಂದು ಕೋರ್ಸಿಗೂ ಮಾನ್ಯತೆ ಇರುವುದಿಲ್ಲ ಎಂಬುದೂ ಹೊಳೆಯಲಿಲ್ಲ.

ನಂತರ ಸೂಪರ್ ಮಾರ್ಕೆಟ್ ಹತ್ತಿರದ ಅವರ ಬಾಡಿಗೆ ಕೋಣೆಗೆ ಹೋದೆ. ಒಂದು ಮೇಜು, ಒಂದು ಲ್ಯಾಪ್‌ಟಾಪ್, ಗೋಡೆಯ ಮೇಲೆ ಪದವೀಧರರ ಕಪ್ಪು ಟೋಪಿಯ ಚಿತ್ರ. "ಎರಡೇ ಸೀಟು ಉಳಿದಿವೆ" ಎಂದರು. ಆನ್‌ಲೈನ್ ಕೋರ್ಸಿನಲ್ಲಿ ಸೀಟು ಹೇಗೆ ಮುಗಿಯುತ್ತದೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಒಟ್ಟು 1,85,000 ರೂಪಾಯಿ: ನೋಂದಣಿಗೆ 5,000, ಉಳಿದದ್ದಕ್ಕೆ ತಿಂಗಳಿಗೆ 10,000ದಂತೆ 18 "ಬಡ್ಡಿಯಿಲ್ಲದ ಕಂತು". ಒಟಿಪಿ ಕೇಳಿದರು, ಕೊಟ್ಟೆ. ಮತ್ತೊಂದು ಕೇಳಿದರು, ಅದನ್ನೂ ಕೊಟ್ಟೆ. ಅವೆಲ್ಲ ಫೀ ಕಟ್ಟಲು ಎಂದುಕೊಂಡಿದ್ದೆ. ಒಂದು ಫೈನಾನ್ಸ್ ಕಂಪನಿಯಲ್ಲಿ ನನ್ನ ಹೆಸರಿಗೆ 1,80,000 ರೂಪಾಯಿ ಸಾಲ ಮಂಜೂರಾಗಿ ನೇರವಾಗಿ ಅವರ ಖಾತೆಗೆ ಹೋಗಿದೆ, ನನ್ನ ಬ್ಯಾಂಕಿನಿಂದ ತಾನಾಗಿಯೇ ಕಂತು ಕಡಿತವಾಗಲು ನಾನೇ ಒಪ್ಪಿಗೆ ಕೊಟ್ಟಿದ್ದೇನೆ ಎಂಬುದು ಮುಂದಿನ ತಿಂಗಳು ಎಸ್‌ಎಂಎಸ್ ಬಂದ ಮೇಲೆಯೇ ತಿಳಿಯಿತು.

ತರಗತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹಳೆಯ ವಿಡಿಯೋಗಳು. ಆದರೆ ಲ್ಯಾಬ್ ಬಗ್ಗೆ ಹೇಳಲೇಬೇಕು. ನನ್ನ ಡಿಪ್ಲೊಮಾ ಹುಡುಗರಿಂದ 150 ಮಿ.ಮೀ. ಕಾಂಕ್ರೀಟ್ ಕ್ಯೂಬ್ ಹಾಕಿಸಿ, 28 ದಿನ ನೀರಿನಲ್ಲಿಡಿಸಿ, ಒತ್ತಿ ಬಲ ಅಳೆಯುವ ಯಂತ್ರದಲ್ಲಿ (ಸಿಟಿಎಂ) ಒಡೆಸಿ ರೀಡಿಂಗ್ ಬರೆಸುವವನು ನಾನು. ಇವರ ಸ್ನಾತಕೋತ್ತರ ಲ್ಯಾಬ್‌ನಲ್ಲಿ ಅದೇ ಕ್ಯೂಬನ್ನು ಯಾರೋ ಒಡೆಯುವ ನಾಲ್ಕು ನಿಮಿಷದ ವಿಡಿಯೋ ನೋಡಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಿದರೆ ಪೂರ್ಣ ಅಂಕ. ಅಂದೇ ಎಚ್ಚೆತ್ತುಕೊಳ್ಳಬೇಕಿತ್ತು. "ಹೋಗಲಿ, ಪದವಿ ಬಂದರೆ ಸಾಕು" ಎಂದು ಸುಮ್ಮನಾದೆ.

ಏಳನೇ ಕಂತು ಹೋದ ತಿಂಗಳು ನಗರದ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಸಂದರ್ಶನಕ್ಕೆ, ಎಂ.ಟೆಕ್ ಓದುತ್ತಿದ್ದೇನೆ ಎಂದು ಹೇಳಿಕೊಂಡು, ಪ್ರವೇಶ ಪತ್ರದ ಪ್ರತಿಯೊಂದಿಗೆ ಹೋದೆ. ದಾಖಲೆ ನೋಡುತ್ತಿದ್ದ ಕಚೇರಿ ಸಿಬ್ಬಂದಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ಕೇಳಿದರು: "ಸರ್, ಇದರಾಗ ಎಂ.ಟೆಕ್ ಅಂತ ಎಲ್ಲಿ ಬರದಾರ್ರಿ?" ನಾನು ಬಗ್ಗಿ ನೋಡಿದೆ. "ಪೋಸ್ಟ್ ಗ್ರಾಜುಯೇಟ್ ಪ್ರೋಗ್ರಾಂ" ಎಂದು ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಸರ್ಟಿಫಿಕೇಟ್" ಎಂದಿತ್ತು. "ಇದು ಸರ್ಟಿಫಿಕೇಟ್ ಕೋರ್ಸ್ ಅದರೀ. ನೀವೂ ಕಲಿಸೋರೇ ಇದ್ದೀರಿ, ನೋಡ್ಕೋಬೇಕಿತ್ತಲ್ರಿ" ಎಂದು ಅವರು ಕಾಗದ ಹಿಂದಿರುಗಿಸಿದರು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನು ನೆಲ ನೋಡಿದ, ನಾನೂ ನೆಲ ನೋಡಿದೆ.

ಅಂದೇ ಫೋನ್ ಮಾಡಿದೆ. "ಸರ್, ನಾವು ಎಲ್ಲೂ ಎಂ.ಟೆಕ್ ಅಂತ ಹೇಳಿಲ್ಲ, ಮಾಸ್ಟರ್ಸ್ ಲೆವೆಲ್ ಅಂತ ಹೇಳಿದ್ದೀವಿ" ಎಂದರು. ಹಣ ವಾಪಸ್ ಕೇಳಿದರೆ, "ರೀಫಂಡ್ ಏಳು ದಿನದೊಳಗೆ ಮಾತ್ರ ಸರ್, ನೀವು ಒಪ್ಪಿಕೊಂಡಿದ್ದೀರಿ" ಎಂದರು. ಫೈನಾನ್ಸ್ ಕಂಪನಿಯವರು, "ಕೋರ್ಸಿಗೂ ನಮಗೂ ಸಂಬಂಧವಿಲ್ಲ, ಕಂತು ತಪ್ಪಿದರೆ ನಿಮ್ಮ ಸಿಬಿಲ್ ಹಾಳಾಗುತ್ತದೆ" ಎಂದರು. ಸೂಪರ್ ಮಾರ್ಕೆಟ್ ಹತ್ತಿರದ ಕೋಣೆಗೆ ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಬಂದಿದೆ.

ಆಮೇಲೆ ಓದಿದ್ದನ್ನು ಮೊದಲೇ ಓದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಯುಜಿಸಿಯ 2020ರ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ನಿಯಮಾವಳಿಯ ಪ್ರಕಾರ ಎಂಜಿನಿಯರಿಂಗ್ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡುವಂತೆಯೇ ಇಲ್ಲ. ಎಂ.ಬಿ.ಎ., ಎಂ.ಸಿ.ಎ.ಯಂತಹವು ಬೇರೆ ಮಾತು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಪೈಕಿ 2001ರಿಂದ 2005ರವರೆಗೆ ಸೇರಿದ್ದವರವನ್ನು ಅಮಾನತಿನಲ್ಲಿಟ್ಟು ಮರುಪರೀಕ್ಷೆ ಬರೆಸಿತು, ಅನಂತರ ಸೇರಿದವರವನ್ನು ರದ್ದೇ ಮಾಡಿತು. ಈಗ ಮಾನ್ಯತೆಯಿರುವ ಯಾವುದೇ ಆನ್‌ಲೈನ್ ಪದವಿಗೆ ಸೇರುವಾಗ ವಿದ್ಯಾರ್ಥಿಯೇ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡೆಬ್) ಜಾಲತಾಣದಲ್ಲಿ ಡೆಬ್ ಐಡಿ ಮಾಡಿಕೊಳ್ಳಬೇಕು. ನನ್ನಿಂದ ಅದನ್ನು ಯಾರೂ ಕೇಳಲೇ ಇಲ್ಲ, ಅಷ್ಟರಿಂದಲೇ ತಿಳಿಯಬೇಕಿತ್ತು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ನಿಜ, ಆದರೆ ಅರ್ಹತೆಯ ಕಾಗದವೇ ಇಲ್ಲದವನಿಗೆ ಅದರಿಂದ ಏನು ಬಂತು?

ಆದ್ದರಿಂದ ಒಂದೇ ಪ್ರಶ್ನೆ ಕೇಳಿ: ಕೊನೆಗೆ ಕೈಗೆ ಬರುವ ಕಾಗದದ ಮೇಲೆ ಯಾವ ಪದವಿಯ ಹೆಸರು ಅಚ್ಚಾಗಿರುತ್ತದೆ? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. "ಲೆವೆಲ್", "ಸಮಾನ" ಎಂಬ ಪದ ಕಂಡರೆ ಎದ್ದು ಬನ್ನಿ. ಕಂತು ಎಂದರೆ ಸಾಲ, ಒಟಿಪಿ ಕೊಡುವ ಮುನ್ನ ಸಾಲ ಕೊಡುವವರು ಯಾರೆಂದು ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಡಿಜಿಟಲ್ ಸಾಲದಿಂದ ಆರಂಭದ ಒಂದು ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಹೊರಬರಲು ಅವಕಾಶವಿದೆ, ನನಗೆ ಆ ಅವಧಿಯಲ್ಲಿ ಸಾಲ ಇದೆಯೆಂದೇ ಗೊತ್ತಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಗ್ರಾಹಕರ ಆಯೋಗದಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಅದರ ಕಾಗದಪತ್ರ ಸಿದ್ಧವಾಗುತ್ತಿದೆ. ಅದೇ ಕೋಣೆಯಲ್ಲಿ ಸೇರಿದವರು ಇನ್ನೂ ಇದ್ದರೆ ಜೊತೆಗೆ ಬನ್ನಿ.

ಇನ್ನೊಂದು ಮಾತು ಬರೆಯದೆ ಇರಲು ಆಗುತ್ತಿಲ್ಲ. ಸೇರಿದ ಎರಡನೇ ತಿಂಗಳಲ್ಲಿ, ಸ್ನೇಹಿತರನ್ನು ಸೇರಿಸಿದರೆ 3,000 ರೂಪಾಯಿ ಎಂದಾಗ, ಯಾದಗಿರಿಯ ನನ್ನ ಸಹೋದ್ಯೋಗಿಯ ನಂಬರನ್ನು ನಾನೇ ಕೊಟ್ಟಿದ್ದೆ, ಅವರೂ ಸೇರಿದರು. ಕಳೆದ ವಾರ ಆ 3,000 ರೂಪಾಯಿಯನ್ನು ಅವರ ಖಾತೆಗೆ ಹಾಕಿದ್ದೇನೆ. ಅವರು ಇನ್ನೂ ನನ್ನ ಫೋನ್ ಎತ್ತಿಲ್ಲ.